ಟ್ರಯಥ್ಲಾನ್ ತಯಾರಿಯ ತಿಂಗಳುಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಮೈಸೂರಿನವಳು. ವಯಸ್ಸು 43. ಬ್ಯಾಂಕಿನಲ್ಲಿ ಕೆಲಸ. ಮನೆಯಲ್ಲಿ ಗಂಡ, ಅತ್ತೆ, ಎಂಟನೇ ಕ್ಲಾಸ್ ಓದುವ ಮಗಳು ಇದ್ದಾರೆ. ಗೋವಾದಲ್ಲಿ ಹಾಫ್ ಐರನ್‌ಮ್ಯಾನ್ ಅನ್ನೋ ಟ್ರಯಥ್ಲಾನ್ ರೇಸ್ ಮುಗಿಸಿ, ಈಗ ಪೂರ್ತಿ ದೂರಕ್ಕೆ ತಯಾರಾಗುತ್ತಿದ್ದೇನೆ. ಈಜುಕೊಳದಲ್ಲಿ, ಬ್ಯಾಂಕಿನಲ್ಲಿ, ಮದುವೆ ಮನೆಯಲ್ಲಿ ಊಟಕ್ಕೆ ಕೂತಾಗ ಜನ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ರೇಸ್ ದಿನದ ಬಗ್ಗೆ ಕಡಿಮೆ ಬರೆದಿದ್ದೇನೆ, ಅದು ಒಂದೇ ದಿನ ಅಲ್ವಾ. ಅದಕ್ಕೆ ಮೊದಲಿನ ಏಳೆಂಟು ತಿಂಗಳು ಮನೆಯಲ್ಲಿ ಹೇಗೆ ಕಳೆಯುತ್ತವೆ ಅಂತ ನನಗೆ ಯಾರೂ ಹೇಳಿರಲಿಲ್ಲ.

ಇದರಲ್ಲಿ ಏನೇನು ಮಾಡಬೇಕು? ಎಷ್ಟು ದೂರ?

ಟ್ರಯಥ್ಲಾನ್ ಅಂದರೆ ಈಜು, ಸೈಕಲ್, ಓಟ. ಮೂರೂ ಒಂದರ ಹಿಂದೆ ಒಂದು, ಅದೇ ದಿನ. ಪೂರ್ತಿ ಐರನ್‌ಮ್ಯಾನ್‌ನಲ್ಲಿ 3.8 ಕಿ.ಮೀ. ಈಜು, 180 ಕಿ.ಮೀ. ಸೈಕಲ್, 42.2 ಕಿ.ಮೀ. ಓಟ. ಸಾಮಾನ್ಯವಾಗಿ 17 ಗಂಟೆಯೊಳಗೆ ಮುಗಿಸಬೇಕು. ಹಾಫ್ ಅಂದರೆ ಎಲ್ಲದರಲ್ಲೂ ಅರ್ಧ: 1.9, 90, 21.1. ಇದನ್ನು 70.3 ಅಂತ ಕರೆಯುತ್ತಾರೆ. ಮೂರೂ ದೂರ ಸೇರಿಸಿದರೆ ಅಷ್ಟು ಮೈಲಿ ಆಗುತ್ತೆ. ಅದಕ್ಕೆ ಎಂಟೂವರೆ ಗಂಟೆ ಸಮಯ.

ಐರನ್‌ಮ್ಯಾನ್ ಶುರುವಾಗಿದ್ದು 1978ರಲ್ಲಿ, ಹವಾಯಿಯ ಓಆಹು ದ್ವೀಪದಲ್ಲಿ. ಅಲ್ಲಿ ಬೇರೆ ಬೇರೆಯಾಗಿ ನಡೆಯುತ್ತಿದ್ದ ಸಮುದ್ರದ ಈಜು, ದ್ವೀಪ ಸುತ್ತುವ ಸೈಕಲ್ ಸವಾರಿ, ಹೊನೊಲುಲು ಮ್ಯಾರಥಾನ್ ಈ ಮೂರನ್ನೂ ಒಂದೇ ದಿನಕ್ಕೆ ಜೋಡಿಸಿದರು. ಹೊರಟವರು 15 ಜನ, ಮುಗಿಸಿದವರು 12. ಮರುವರ್ಷ ಲಿನ್ ಲೆಮೇರ್ ಅನ್ನೋ ಹೆಂಗಸು ಸೇರಿಕೊಂಡರು. ಅವತ್ತು ಅಲ್ಲಿದ್ದ ಒಬ್ಬಳೇ ಹೆಣ್ಣುಮಗಳು. ಒಟ್ಟಾರೆ ಐದನೆಯವರಾಗಿ ಬಂದರು. ಮಗಳಿಗೆ ಈ ಕತೆಯನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ.

ನಮ್ಮ ಕಡೆಯವರಿಗೆ ಹತ್ತಿರದ್ದು ಗೋವಾದ 70.3. ಪಣಜಿಯ ಮಿರಾಮಾರ್ ಬೀಚಿನಲ್ಲಿ 2019ರಲ್ಲಿ ಮೊದಲ ಸಲ ನಡೆಯಿತು.

ವಾರಕ್ಕೆ ಎಷ್ಟು ಗಂಟೆ ಬೇಕು?

ಹಾಫ್‌ಗೆ ನಾನು ವಾರಕ್ಕೆ 8ರಿಂದ 10 ಗಂಟೆ ಕೊಟ್ಟೆ. ಪೂರ್ತಿ ದೂರಕ್ಕೆ ಈಗ 12ರ ಹತ್ತಿರ ಹೋಗುತ್ತಿದೆ. ಕೊನೆಯ ತಿಂಗಳುಗಳಲ್ಲಿ ಇನ್ನೂ ಜಾಸ್ತಿ ಆಗುತ್ತೆ.

ಆದರೆ ಈ ಲೆಕ್ಕದಲ್ಲಿ ಸೇರದ ಗಂಟೆಗಳು ಬೇರೆ ಇವೆ. ಸೈಕಲ್ ಚೈನ್ ಒರೆಸೋದು, ಬಾಟಲ್ ತೊಳೆಯೋದು, ಕೊಳಕ್ಕೆ ಹೋಗಿ ಬರೋದು, ತಲೆ ಒಣಗಿಸೋದು. ಶನಿವಾರ ನಾಲ್ಕು ಗಂಟೆ ಸೈಕಲ್ ತುಳಿದು ಬಂದ ಮೇಲೆ ಸುಮ್ನೆ ಗೋಡೆಗೆ ಒರಗಿ ಕೂರುವ ಒಂದು ಗಂಟೆಯೂ ಇದೆ. ಅದನ್ನೂ ಲೆಕ್ಕಕ್ಕೆ ಹಿಡಿದು ಮನೆಯವರ ಹತ್ತಿರ ಮಾತಾಡಿ. ನಾನು "ಬರೀ ಹತ್ತು ಗಂಟೆ" ಅಂದಿದ್ದೆ. ಅದು ಸುಳ್ಳಾಯಿತು. ಮೊದಲ ಎರಡು ತಿಂಗಳು ಮನೆಯಲ್ಲಿ ಆದ ಮನಸ್ತಾಪಕ್ಕೆಲ್ಲ ಅದೇ ಮೂಲ.

ನಿಮ್ಮ ಒಂದು ವಾರ ಹೇಗಿರುತ್ತೆ?

ಸೋಮವಾರ ರಜೆ. ಇದನ್ನು ಯಾವ ಕಾರಣಕ್ಕೂ ಬಿಟ್ಟುಕೊಡಲ್ಲ. ಮಂಗಳವಾರ ಮತ್ತು ಶುಕ್ರವಾರ ಈಜು. ಬುಧವಾರ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಓಟ. ಗುರುವಾರ ಮನೆಯಲ್ಲೇ ಟ್ರೈನರ್ ಮೇಲೆ ಸೈಕಲ್. ಹಿಂದಿನ ಚಕ್ರವನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ನಿಂತಲ್ಲೇ ತುಳಿಯೋದು. ಶನಿವಾರ ಉದ್ದ ಸವಾರಿ. ಇಳಿದ ಕೂಡಲೇ ಶೂ ಬದಲಿಸಿ ಇಪ್ಪತ್ತು ನಿಮಿಷ ಓಟ. ಇದಕ್ಕೆ ಬ್ರಿಕ್ ಅಂತಾರೆ. ಸೈಕಲ್‌ನಿಂದ ಇಳಿದಾಗ ಕಾಲು ನಮ್ಮದೇ ಅಲ್ಲ ಅನ್ನಿಸುತ್ತೆ. ಆ ಅನುಭವ ರೇಸ್ ದಿನ ಹೊಸದಾಗಿರಬಾರದು, ಅದಕ್ಕೇ ಇದು. ಭಾನುವಾರ ಬೆಳಗ್ಗೆ ಉದ್ದ ಓಟ, ಒಂಬತ್ತರೊಳಗೆ ಮನೆ. ಆಮೇಲಿನ ಭಾನುವಾರ ಮನೆಯವರದ್ದು.

ಏಳೋದು ನಾಲ್ಕೂವರೆಗೆ. ಮಲಗೋದು ಒಂಬತ್ತಕ್ಕೆ.

ಒಂಬತ್ತಕ್ಕೆ ಮಲಗೋಕೆ ಆಗುತ್ತಾ? ಮನೆ ಕೆಲಸ?

ಎಲ್ಲಕ್ಕಿಂತ ಕಷ್ಟದ್ದು ಇದೇ. ಸೈಕಲ್ ತುಳಿಯೋದಕ್ಕಿಂತ ಕಷ್ಟ.

ನಮ್ಮ ಮನೆಯಲ್ಲಿ ರಾತ್ರಿ ಊಟ ಒಂಬತ್ತೂವರೆಗೆ ಆಗುತ್ತಿತ್ತು. ಅತ್ತೆಯ ಧಾರಾವಾಹಿ ಮುಗಿಯಬೇಕು, ಗಂಡ ಕೆಲಸದಿಂದ ಬರಬೇಕು. ನಾನು ಏಳೂವರೆಗೆ ಒಬ್ಬಳೇ ತಟ್ಟೆ ಹಾಕಿಕೊಂಡು ಕೂರೋಕೆ ಶುರು ಮಾಡಿದೆ. ನಾಲ್ಕನೇ ದಿನ ಮಗಳು ಬಂದು ಪಕ್ಕದಲ್ಲಿ ಕೂತಳು. ಅವಳಿಗೂ ಬೇಗ ಹಸಿವಾಗುತ್ತಿತ್ತಂತೆ, ಇಷ್ಟು ದಿನ ಹೇಳಿರಲಿಲ್ಲ ಅಷ್ಟೇ. ತಿಂಗಳೊಳಗೆ ಅತ್ತೆಯೂ ಬಂದರು. ಗಂಡ ಮಾತ್ರ ಈಗಲೂ ತಡವಾಗಿ ಉಣ್ಣುತ್ತಾರೆ. ತಾವೇ ಬಿಸಿ ಮಾಡಿಕೊಳ್ಳುತ್ತಾರೆ. ಪಾತ್ರೆಯೂ ಅವರದ್ದೇ.

ಕೆಲಸ ಹಂಚಿಕೊಳ್ಳದೆ ಹೆಂಗಸರು ಈ ತಯಾರಿ ಮಾಡೋಕೆ ಆಗಲ್ಲ. ಇದನ್ನು ನೇರವಾಗಿ ಹೇಳುತ್ತೇನೆ. ಗಂಡಸರು ಬೆಳಗ್ಗೆ ಮೂರು ಗಂಟೆ ಸೈಕಲ್ ತುಳಿದು ಬಂದರೆ ತಿಂಡಿ ತಯಾರಾಗಿರುತ್ತೆ. ನಮ್ಮಲ್ಲಿ ಜಾಸ್ತಿ ಜನ ಹೆಂಗಸರು ವಾಪಸ್ ಬಂದು ತಿಂಡಿ ಮಾಡಬೇಕು. ಹಾಗಾಗಿ ತರಬೇತಿಯ ವೇಳಾಪಟ್ಟಿ ಬರೆಯುವ ಮೊದಲು ಅಡುಗೆಮನೆಯ ವೇಳಾಪಟ್ಟಿ ಬರೆಯಿರಿ. ಯಾವ ದಿನ ಯಾರು ತಿಂಡಿ ಮಾಡ್ತಾರೆ, ಯಾರು ಡಬ್ಬಿ ಕಟ್ಟುತ್ತಾರೆ ಅಂತ. ನಮ್ಮದು ಫ್ರಿಜ್ ಬಾಗಿಲ ಮೇಲಿದೆ, ಮಗಳ ಅಕ್ಷರದಲ್ಲಿ.

ನಿದ್ದೆ ಆರು ಗಂಟೆಗಿಂತ ಕಡಿಮೆಯಾದ ಮರುದಿನ ನಾನು ಓಡಲ್ಲ, ಮಲಗುತ್ತೇನೆ. ತರಬೇತಿಯಲ್ಲಿ ದಣಿದ ಮೈ ರಿಪೇರಿ ಆಗೋದು ನಿದ್ದೆಯಲ್ಲೇ.

ನನಗೆ ಈಜು ಬರಲ್ಲ. 38 ವರ್ಷ. ಕಲಿಯಬಹುದಾ?

ನಾನು ಕಲಿತಿದ್ದೂ 38ಕ್ಕೇ. ಸರಸ್ವತಿಪುರಂನಲ್ಲಿರುವ ವಿಶ್ವವಿದ್ಯಾಲಯದ ಕೊಳದಲ್ಲಿ. ಮೊದಲ ಹತ್ತು ದಿನ ಕಂಬಿ ಹಿಡಿದು ನೀರೊಳಗೆ ಉಸಿರು ಬಿಡೋದನ್ನೇ ಕಲಿತೆ. ದೊಡ್ಡವರು ಈಜುವಾಗ ಸುಸ್ತಾಗೋದು ಕೈಯಲ್ಲಿ ಬಲ ಇಲ್ಲದೆ ಅಲ್ಲ. ಉಸಿರು ಹಿಡಿದಿಟ್ಟುಕೊಳ್ಳೋದರಿಂದ. ಮುಖ ನೀರಲ್ಲಿದ್ದಾಗ ಮೂಗಿಂದ, ಬಾಯಿಂದ ಗುಳ್ಳೆ ಬಿಡುತ್ತಲೇ ಇರಬೇಕು. ತಲೆ ಹೊರಳಿಸಿದಾಗ ಬರೀ ಒಳಗೆ ಎಳೆದುಕೊಳ್ಳಬೇಕು. ಇದೊಂದು ಸರಿ ಹೋದ ವಾರ ನಾನು 25 ಮೀಟರಿನಿಂದ 200 ಮೀಟರಿಗೆ ಹೋದೆ.

50 ಮೀಟರ್ ಕೊಳದಲ್ಲಿ 1.9 ಕಿ.ಮೀ. ಅಂದರೆ 38 ಉದ್ದ. ಎಣಿಸೋದು ತಪ್ಪುತ್ತಿದ್ದರೆ ಹತ್ತು ಹತ್ತರ ಗುಂಪು ಮಾಡಿಕೊಳ್ಳಿ.

ಕೊಳ ಯಾಕೆ? ಪಕ್ಕದಲ್ಲೇ ಕಾವೇರಿ ಇದೆಯಲ್ಲ?

ದಯವಿಟ್ಟು ಬೇಡ. ರಂಗನತಿಟ್ಟಿನ ಸುತ್ತಮುತ್ತ ಹೊಳೆಯಲ್ಲಿ ಮೊಸಳೆಗಳಿವೆ. ಸುಳಿಗಳಿವೆ. ಅಣೆಕಟ್ಟಿನಿಂದ ನೀರು ಬಿಟ್ಟರೆ ಮಟ್ಟ ಏರುತ್ತೆ. ಈಜು ಚೆನ್ನಾಗಿ ಬರುವವರೂ ಕಾವೇರಿಯಲ್ಲಿ ಜೀವ ಕಳೆದುಕೊಂಡಿದ್ದಾರೆ.

ಸಮುದ್ರದ ಅಭ್ಯಾಸಕ್ಕೆ ನಾವು ನಾಲ್ಕೈದು ಜನ ಮಂಗಳೂರಿನ ತಣ್ಣೀರುಬಾವಿಗೆ ಹೋಗುತ್ತೇವೆ. ಮಳೆಗಾಲ ಮುಗಿದ ಮೇಲೆ, ಅಲ್ಲಿನ ಕಡಲು ಗೊತ್ತಿರುವ ಈಜುಗಾರರ ಜೊತೆಗೆ ಮಾತ್ರ. ಸೊಂಟಕ್ಕೆ ಬಣ್ಣದ ತೇಲುಬುರುಡೆ ಕಟ್ಟಿಕೊಂಡು. ಕೊಳದಲ್ಲಿ ಕೆಳಗೆ ಕಪ್ಪು ಗೆರೆ ಇರುತ್ತೆ, ಸಮುದ್ರದಲ್ಲಿ ಏನೂ ಇರಲ್ಲ. ಆರೆಂಟು ಸಲ ಕೈ ಬೀಸಿದ ಮೇಲೆ ಒಮ್ಮೆ ಮೊಸಳೆಯ ಹಾಗೆ ಕಣ್ಣು ಮಾತ್ರ ಮೇಲೆತ್ತಿ ದಿಕ್ಕು ನೋಡಬೇಕು. ಇದನ್ನು ಕೊಳದಲ್ಲೇ ಅಭ್ಯಾಸ ಮಾಡಬಹುದು. ಉಪ್ಪುನೀರು ಮೈಯನ್ನು ಚೆನ್ನಾಗಿ ತೇಲಿಸುತ್ತೆ. ನನಗೆ ಅದೇ ದೊಡ್ಡ ಧೈರ್ಯ ಕೊಟ್ಟಿತು.

ವೆಟ್‌ಸೂಟ್ ಕೊಳ್ಳಬೇಕಾ?

ಅದು ತಣ್ಣೀರಿನಲ್ಲಿ ಮೈ ಬೆಚ್ಚಗಿಡೋ ರಬ್ಬರ್ ಉಡುಪು. ಗೋವಾಕ್ಕೆ ಬೇಡ. ಐರನ್‌ಮ್ಯಾನ್ ನಿಯಮದಲ್ಲಿ ನಮ್ಮಂಥ ಹವ್ಯಾಸಿಗಳಿಗೆ ನೀರು 24.5 ಡಿಗ್ರಿ ಅಥವಾ ಅದಕ್ಕಿಂತ ತಣ್ಣಗಿದ್ದರಷ್ಟೇ ಅದನ್ನು ಹಾಕಿಕೊಂಡು ಬಹುಮಾನಕ್ಕೆ ಸ್ಪರ್ಧಿಸಬಹುದು. ನಮ್ಮ ಕಡಲು ಅಷ್ಟು ತಣ್ಣಗಿರಲ್ಲ.

ಎಂಥ ಸೈಕಲ್ ಬೇಕು?

ನಿಮ್ಮ ಅಳತೆಗೆ ಸರಿಯಾಗಿರೋ ರೋಡ್ ಬೈಕ್, ಅಂದರೆ ಸಣ್ಣ ಟೈರಿನ ರಸ್ತೆ ಸೈಕಲ್ ಸಾಕು. ಮೊದಲ ರೇಸ್‌ಗೆ ಟ್ರಯಥ್ಲಾನ್‌ಗೆ ಅಂತಲೇ ಮಾಡಿದ ದುಬಾರಿ ಟ್ರೈ ಬೈಕ್ ಬೇಕಿಲ್ಲ.

ಅಳತೆ ಅಂದೆ, ಅದನ್ನು ಒತ್ತಿ ಹೇಳಬೇಕು. ನಾನು ಮೊದಲು ತಗೊಂಡ ಸೈಕಲ್ ನನಗೆ ಒಂದು ಸೈಜ್ ದೊಡ್ಡದಿತ್ತು. ಅಂಗಡಿಯವರು "ಅಡ್ಜಸ್ಟ್ ಆಗುತ್ತೆ ಮೇಡಂ" ಅಂದರು. ಆರು ತಿಂಗಳು ಕತ್ತು, ಮುಂಗೈ ನೋವು ಅನುಭವಿಸಿದೆ. ಆಮೇಲೆ ಮಾರಿ, ಚಿಕ್ಕದು ತಗೊಂಡೆ, ಸೆಕೆಂಡ್ ಹ್ಯಾಂಡ್. ಸೀಟಿನ ಎತ್ತರ, ಹ್ಯಾಂಡಲ್‌ಗೆ ಇರೋ ದೂರ ಸರಿಯಾಗಿ ಹೊಂದಿಸಿಕೊಂಡ ಮೇಲೆ ನೋವು ಹೋಯಿತು. ದುಡ್ಡು ಉಳಿದರೆ ಒಳ್ಳೆ ಪ್ಯಾಡ್ ಇರೋ ಚಡ್ಡಿಗೆ ಹಾಕಿ. ಅದರ ಒಳಗೆ ಒಳಉಡುಪು ಹಾಕಬಾರದು. ಇದನ್ನು ಯಾರೂ ಬಾಯಿಬಿಟ್ಟು ಹೇಳಲ್ಲ. ಹೊಲಿಗೆ ಉಜ್ಜಿ ಗಾಯ ಆಗುತ್ತೆ. ತೊಡೆ ಸಂದಿಗೆ ವ್ಯಾಸಲೀನ್ ಹಚ್ಚಿ.

ಪಂಕ್ಚರ್ ಆದರೆ ಟ್ಯೂಬ್ ಬದಲಿಸೋದು ಮನೆಯಲ್ಲೇ ಹತ್ತು ಸಲ ಮಾಡಿ ಕಲಿತುಕೊಳ್ಳಿ. ರೇಸಿನಲ್ಲಿ ಪರಿಚಯದವರು ಬಂದು ಸಹಾಯ ಮಾಡೋ ಹಾಗಿಲ್ಲ.

ಮೈಸೂರಿನಲ್ಲಿ ಎಲ್ಲಿ ತುಳಿಯುತ್ತೀರಾ? ಕತ್ತಲಲ್ಲಿ ಭಯ ಆಗಲ್ವಾ?

ಹತ್ತುವ ಅಭ್ಯಾಸಕ್ಕೆ ಚಾಮುಂಡಿ ಬೆಟ್ಟದ ರಸ್ತೆ. ವೇಗಕ್ಕೆ ರಿಂಗ್ ರೋಡ್, ಒಂದು ಸುತ್ತು 40 ಕಿಲೋಮೀಟರಿಗೂ ಜಾಸ್ತಿ. ಉದ್ದ ಸವಾರಿಗೆ ತಿ. ನರಸೀಪುರದ ಕಡೆ ಅಥವಾ ಎಚ್.ಡಿ. ಕೋಟೆ ಕಡೆ. ಬೆಂಗಳೂರಿಗೆ ಹೋಗೋ ಎಕ್ಸ್‌ಪ್ರೆಸ್‌ವೇ ಕಡೆ ತಲೆ ಹಾಕಬೇಡಿ, ಅಲ್ಲಿ ಬೈಕ್, ಸ್ಕೂಟರುಗಳನ್ನೇ ಬಿಡಲ್ಲ. ಕೊಯ್ಲಿನ ಕಾಲದಲ್ಲಿ ಹಳ್ಳಿ ರಸ್ತೆಗಳ ಮೇಲೆ ಹುರುಳಿ, ರಾಗಿ ಹರಡಿರುತ್ತಾರೆ, ವಾಹನ ಓಡಿ ಕಾಳು ಉದುರಲಿ ಅಂತ. ಅದರ ಮೇಲೆ ಸಣ್ಣ ಟೈರು ಜಾರುತ್ತೆ, ಸೊಪ್ಪು ಚೈನಿಗೆ ಸುತ್ತಿಕೊಳ್ಳುತ್ತೆ. ಇಳಿದು ನಡೆಯಿರಿ. ಅದು ಅವರ ವರ್ಷದ ಬೆಳೆ.

ಭಯ ಆಗುತ್ತೆ. ಹಾಗಾಗಿ ಬೆಳಕು ಹರಿಯುವ ಮೊದಲು ಒಬ್ಬಳೇ ಹೊರಡಲ್ಲ. ಮುಂದೆ ಬಿಳಿ ದೀಪ, ಹಿಂದೆ ಕೆಂಪು ದೀಪ, ಮಿನುಗುವ ಜಾಕೆಟ್. ಫೋನಿನಿಂದ ಲೈವ್ ಲೊಕೇಶನ್ ಗಂಡನಿಗೆ ಹೋಗುತ್ತಿರುತ್ತೆ. ಕಿವಿಗೆ ಹಾಡು ಹಾಕಿಕೊಳ್ಳಲ್ಲ.

ನಾಯಿ ಅಟ್ಟಿಸಿಕೊಂಡು ಬಂದರೆ ನಾನು ನಿಲ್ಲಿಸುತ್ತೇನೆ. ಇಳಿದು, ನಾಯಿಗೂ ನನಗೂ ನಡುವೆ ಸೈಕಲ್ ಇಟ್ಟುಕೊಂಡು ನಡೆಯುತ್ತೇನೆ. ಜಾಸ್ತಿ ಸಲ ಅದಕ್ಕೆ ಆಸಕ್ತಿ ಹೋಗುತ್ತೆ. ಕಚ್ಚಿದರೆ, ಗೀರಿದರೂ ಸರಿ, ಸೋಪು ನೀರಲ್ಲಿ 15 ನಿಮಿಷ ತೊಳೆದು ಅವತ್ತೇ ರೇಬಿಸ್ ಚುಚ್ಚುಮದ್ದಿಗೆ ಹೋಗಿ.

ಏನು ತಿನ್ನುತ್ತೀರಾ? ಪ್ರೋಟೀನ್ ಪುಡಿ, ಜೆಲ್ ಎಲ್ಲಾ ಬೇಕಾ?

ಮನೆ ಊಟವೇ ತಿನ್ನುತ್ತೇನೆ. ಹಿಂದೆ ತಿನ್ನುತ್ತಿದ್ದುದಕ್ಕಿಂತ ಜಾಸ್ತಿ. ಹೆಂಗಸರು ಇಲ್ಲಿ ಒಂದು ತಪ್ಪು ಮಾಡುತ್ತೇವೆ. ತರಬೇತಿ ಜಾಸ್ತಿ ಮಾಡಿ, ತೂಕವೂ ಇಳಿಯಲಿ ಅಂತ ಊಟ ಕಡಿಮೆ ಮಾಡುತ್ತೇವೆ. ನಾನೂ ಮಾಡಿದೆ. ಮೂರು ತಿಂಗಳಲ್ಲಿ ಕೂದಲು ಉದುರಿತು, ಮುಟ್ಟು ಏರುಪೇರಾಯಿತು, ಮೆಟ್ಟಿಲು ಹತ್ತಿದರೆ ಏದುಸಿರು. ರಕ್ತ ಪರೀಕ್ಷೆಯಲ್ಲಿ ಕಬ್ಬಿಣದ ಅಂಶ ಪಾತಾಳಕ್ಕಿಳಿದಿತ್ತು, ಬಿ12 ಕೂಡ ಕಡಿಮೆ. ನಾವು ಸಸ್ಯಾಹಾರಿಗಳು. ಡಾಕ್ಟರ್ ಕೊಟ್ಟ ಮಾತ್ರೆ ನುಂಗಿ, ಊಟದ ತಟ್ಟೆ ದೊಡ್ಡದು ಮಾಡಿದ ಮೇಲೆ ಸರಿಹೋಯಿತು. ಮುಟ್ಟು ನಿಂತರೆ ಅಥವಾ ತಪ್ಪುತ್ತಿದ್ದರೆ ಅದನ್ನು "ತರಬೇತಿ ಚೆನ್ನಾಗಿ ಆಗ್ತಿದೆ" ಅಂದುಕೊಳ್ಳಬೇಡಿ. ಡಾಕ್ಟರ್ ಹತ್ತಿರ ಹೋಗಿ. ಊಟ ಮುಗಿದ ತಕ್ಷಣ ಕಾಫಿ ಕುಡಿಯೋದನ್ನೂ ಬಿಟ್ಟೆ. ಅದು ಊಟದಲ್ಲಿರೋ ಕಬ್ಬಿಣವನ್ನು ಮೈಗೆ ಸರಿಯಾಗಿ ಸೇರೋಕೆ ಬಿಡಲ್ಲ. ಮೈಸೂರಿನವಳಿಗೆ ಇದು ಸಣ್ಣ ತ್ಯಾಗ ಅಲ್ಲ.

ಉದ್ದ ಸವಾರಿಗೆ ಲೆಕ್ಕ ಬೇಕು. ಗಂಟೆಗೆ ಸುಮಾರು 60 ಗ್ರಾಂ ಕಾರ್ಬೋಹೈಡ್ರೇಟ್ ಇಟ್ಟುಕೊಳ್ಳಿ. ಅಭ್ಯಾಸವಾದವರು 90ರವರೆಗೂ ಹೋಗುತ್ತಾರೆ. ಒಂದು ಮಧ್ಯಮ ಬಾಳೆಹಣ್ಣಿನಲ್ಲಿ 25 ಗ್ರಾಂ ಹತ್ತಿರ ಸಿಗುತ್ತೆ. ಏಲಕ್ಕಿ ಬಾಳೆ ಆದರೆ ಅದರ ಅರ್ಧ ಅಂದುಕೊಳ್ಳಿ. ನನ್ನ ಜೇಬಿನಲ್ಲಿ ಬಾಳೆಹಣ್ಣು, ಖರ್ಜೂರ, ಕಡಲೆಕಾಯಿ ಚಿಕ್ಕಿ ಇರುತ್ತೆ. ಓಟದಲ್ಲಿ ಅಗಿಯೋಕೆ ಆಗಲ್ಲ, ಅದಕ್ಕೆ ಜೆಲ್, ಪೊಟ್ಟಣದಿಂದ ಹಿಂಡಿ ನುಂಗುವ ಸಿಹಿ ಪಾಕ. ನಂಜನಗೂಡು ರಸಬಾಳೆ ಸಿಕ್ಕಿದರೆ ಜೇಬಿಗೆ ಹಾಕಬೇಡಿ, ಮನೆಗೆ ತಂದು ನಿಧಾನವಾಗಿ ತಿನ್ನಿ.

ಹಿಂದಿನ ರಾತ್ರಿ ಅನ್ನ, ತಿಳಿಸಾರು. ಬೆಳಗ್ಗೆ ಹೊರಡುವ ಮೊದಲು ನೆನೆಸಿದ ಅವಲಕ್ಕಿಗೆ ಬೆಲ್ಲ, ಚೂರು ಉಪ್ಪು. ಅತ್ತೆ ಮೊದಲ ವರ್ಷ ನನ್ನ ಓಡಾಟದ ಬಗ್ಗೆ ಏನೂ ಹೇಳಿರಲಿಲ್ಲ, ಒಳ್ಳೆಯದೂ ಇಲ್ಲ, ಕೆಟ್ಟದ್ದೂ ಇಲ್ಲ. ಒಂದು ಶನಿವಾರ ನಾಲ್ಕೂವರೆಗೆ ಎದ್ದು ಅಡುಗೆಮನೆಗೆ ಹೋದರೆ ಅವಲಕ್ಕಿ ನೆನೆದಿತ್ತು, ಮೇಲೆ ತಟ್ಟೆ ಮುಚ್ಚಿತ್ತು. ಆಮೇಲೆ ಒಂದು ಶನಿವಾರವೂ ತಪ್ಪಿಲ್ಲ.

ನೀರು ಎಷ್ಟು ಕುಡಿಯಬೇಕು?

ಒಬ್ಬೊಬ್ಬರಿಗೆ ಒಂದೊಂದು. ಮನೆಯಲ್ಲೇ ಅಳೆಯಬಹುದು. ಒಂದು ಗಂಟೆ ಓಡುವ ಮೊದಲು ತೂಕ ನೋಡಿ, ಓಡಿ ಬಂದು ಬೆವರು ಒರೆಸಿ ಮತ್ತೆ ನೋಡಿ. ನಡುವೆ ಏನೂ ಕುಡಿಯದೆ ಒಂದು ಕಿಲೋ ಇಳಿದಿದ್ದರೆ ಸುಮಾರು ಒಂದು ಲೀಟರ್ ಬೆವರು ಹೋಗಿದೆ ಅಂತ.

ಬರೀ ನೀರನ್ನೇ ಗಟಗಟ ಕುಡಿಯೋದು ಅಪಾಯ. ರಕ್ತದಲ್ಲಿ ಸೋಡಿಯಂ ಇಳಿದು ತಲೆಸುತ್ತು, ವಾಂತಿ, ಗೊಂದಲ ಶುರುವಾಗುತ್ತೆ, ಜೀವಕ್ಕೂ ಕುತ್ತು ಬರಬಹುದು. ನಾನು ಒಂದು ಲೀಟರಿಗೆ ಒಂದು ಓಆರ್‌ಎಸ್ ಪೊಟ್ಟಣ ಹಾಕುತ್ತೇನೆ. ಅದರಲ್ಲಿ ಗ್ಲೂಕೋಸ್ ಇರೋದು 13.5 ಗ್ರಾಂ ಮಾತ್ರ. ಹಾಗಾಗಿ ಅದು ಊಟದ ಬದಲಿ ಅಲ್ಲ. ಮನೆಗೆ ಬಂದ ಮೇಲೆ ಉಪ್ಪು ಹಾಕಿದ ಮಜ್ಜಿಗೆ.

ಮಳೆಗಾಲದಲ್ಲಿ ಏನು ಮಾಡ್ತೀರಾ? ಹಬ್ಬ ಬಂದರೆ?

ಗೋವಾದ ರೇಸ್ ಅಕ್ಟೋಬರ್ ಇಲ್ಲವೇ ನವೆಂಬರಿನಲ್ಲಿ. ಅಂದರೆ ಕಠಿಣ ತರಬೇತಿಯೆಲ್ಲ ಜೂನಿನಿಂದ ಸೆಪ್ಟೆಂಬರಿನೊಳಗೆ ಬರುತ್ತೆ. ಮಳೆಯಲ್ಲಿ ಓಡುತ್ತೇನೆ, ಸೈಕಲ್ ತುಳಿಯಲ್ಲ. ನೀರು ತುಂಬಿದ ಗುಂಡಿಯ ಆಳ ಕಾಣಲ್ಲ. ಒಮ್ಮೆ ಬಿದ್ದು ಮೊಣಕೈಗೆ ಹೊಲಿಗೆ ಹಾಕಿಸಿಕೊಂಡೆ. ಮಳೆ ದಿನ ಟ್ರೈನರ್ ಮೇಲೆಯೇ. ಬಟ್ಟೆ ಒಣಗಲ್ಲ, ಶೂ ಒಣಗಲ್ಲ. ಶೂ ಒಳಗೆ ಹಳೇ ಪೇಪರ್ ತುರುಕಿ, ಎರಡು ಗಂಟೆಗೊಮ್ಮೆ ಬದಲಿಸಿದರೆ ಬೆಳಗಾಗುವಷ್ಟರಲ್ಲಿ ಹಾಕಿಕೊಳ್ಳುವಂತಾಗುತ್ತೆ.

ಹಬ್ಬಗಳೂ ಅಲ್ಲೇ ಸಾಲಾಗಿ ಬರುತ್ತವೆ. ವರಮಹಾಲಕ್ಷ್ಮಿ, ಗೌರಿ ಗಣೇಶ, ಆಮೇಲೆ ದಸರಾ. ಮೈಸೂರಿನಲ್ಲಿ ದಸರಾ ಅಂದರೆ ಹತ್ತು ದಿನವೂ ನೆಂಟರು. ಮನೆಯಲ್ಲಿ ಗೊಂಬೆ ಕೂರಿಸಬೇಕು. ರಸ್ತೆ ತುಂಬಾ ಜನ, ದೀಪ, ವಾಹನ. ಮೊದಲ ವರ್ಷ ಹಬ್ಬವನ್ನೂ ತರಬೇತಿಯನ್ನೂ ಎರಡನ್ನೂ ಪೂರ್ತಿ ಮಾಡೋಕೆ ಹೋಗಿ, ಆಯುಧ ಪೂಜೆ ದಿನ ಜ್ವರ ಬಂದು ಮಲಗಿದೆ.

ಈಗ ತರಬೇತಿ ಹಗುರ ಮಾಡೋ ವಾರವನ್ನು ಹಬ್ಬದ ವಾರಕ್ಕೇ ಹೊಂದಿಸುತ್ತೇನೆ. ಮೂರು ವಾರ ಜಾಸ್ತಿ, ಒಂದು ವಾರ ಕಡಿಮೆ ಅನ್ನೋ ಕ್ರಮ ಹೇಗೂ ಇದೆ. ಪಂಚಾಂಗ ನೋಡಿ ಕಡಿಮೆ ವಾರ ಯಾವುದು ಅಂತ ಜನವರಿಯಲ್ಲೇ ಗುರುತು ಹಾಕುತ್ತೇನೆ. ಹೋಳಿಗೆ ತಿನ್ನುತ್ತೇನೆ, ತುಪ್ಪ ಹಾಕಿಕೊಂಡೇ. ಉಪವಾಸದ ದಿನ ನಿಧಾನಕ್ಕೆ ನಡೆಯೋದು ಬಿಟ್ಟು ಬೇರೇನೂ ಮಾಡಲ್ಲ. ಆಯುಧ ಪೂಜೆಗೆ ಸೈಕಲ್ ತೊಳೆದು ಅರಿಶಿನ ಕುಂಕುಮ ಇಡುತ್ತೇವೆ, ಚಕ್ರದಡಿ ನಿಂಬೆಹಣ್ಣು ಇಟ್ಟು ಮಗಳು ಒಂದು ಸುತ್ತು ತಳ್ಳುತ್ತಾಳೆ.

ಮಂಡಿ ಸವೆದು ಹೋಗಲ್ವಾ?

ಹವ್ಯಾಸಕ್ಕೆ ಓಡುವವರಿಗೆ ಓಟದಿಂದಲೇ ಮಂಡಿ ಸವೆಯುತ್ತೆ ಅನ್ನೋದಕ್ಕೆ ಆಧಾರ ಇಲ್ಲ. ನೋವು ಬರೋದು ದಿಢೀರನೆ ದೂರ ಹೆಚ್ಚಿಸಿದಾಗ. ನಾನು ಹುರುಪಿನಲ್ಲಿ ಒಂದೇ ತಿಂಗಳಲ್ಲಿ ಓಟ ದುಪ್ಪಟ್ಟು ಮಾಡಿ, ಮೊಣಕಾಲ ಕೆಳಗಿನ ಮುಂಗಾಲು ಮೂಳೆ ನೋವಿನಿಂದ ಆರು ವಾರ ಓಡಲಿಲ್ಲ. ಈಗ ಉಸಿರು ಕಟ್ಟದೆ ಮಾತಾಡುವಷ್ಟು ನಿಧಾನಕ್ಕೇ ಜಾಸ್ತಿ ಓಡುತ್ತೇನೆ.

ಎದೆನೋವು, ಓಡುವಾಗ ಕಣ್ಣು ಕತ್ತಲೆ, ಮನೆಯಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿಗೇ ಹೃದಯದ ತೊಂದರೆ ಇದ್ದಿದ್ದರೆ ಮೊದಲು ಡಾಕ್ಟರ್, ಆಮೇಲೆ ತರಬೇತಿ.

ಇದರಿಂದ ಏನು ಸಿಗುತ್ತೆ?

ನಮ್ಮ ಚಿಕ್ಕಮ್ಮ ಪ್ರತಿ ಸಲ ಸಿಕ್ಕಾಗಲೂ ಇದನ್ನೇ ಕೇಳುತ್ತಾರೆ. ಮೆಡಲ್ ಸಿಗುತ್ತೆ, ದುಡ್ಡು ಸಿಗಲ್ಲ. ನಮ್ಮ ಕೈಯಿಂದಲೇ ಹೋಗುತ್ತೆ. ಪ್ರವೇಶ ಶುಲ್ಕ, ಹೋಟೆಲ್, ಸೈಕಲ್ ಪ್ಯಾಕ್ ಮಾಡಿ ಸಾಗಿಸೋದು. ಮನೆ ಸಾಲ, ಸ್ಕೂಲ್ ಫೀಸ್ ಎಲ್ಲ ಕಳೆದ ಮೇಲೆ ತಿಂಗಳು ತಿಂಗಳು ಇಷ್ಟು ಅಂತ ಬೇರೆ ಖಾತೆಗೆ ಹಾಕುತ್ತೇನೆ, ಚೀಟಿ ಕಟ್ಟಿದ ಹಾಗೆ.

ಚಿಕ್ಕಮ್ಮನಿಗೆ ನಾನು ಹೇಳೋದು ಇಷ್ಟು. ಮದುವೆ ಆದ ಮೇಲೆ ಹದಿನೈದು ವರ್ಷ ನನ್ನದು ಅಂತ ಒಂದು ಗಂಟೆ ಇರಲಿಲ್ಲ. ಕೇಳಿರಲೂ ಇಲ್ಲ. ಬೆಳಗ್ಗೆ ಆರಕ್ಕೆ ಕುಕ್ಕರಹಳ್ಳಿ ಕೆರೆ ಮೇಲೆ ಮಂಜು ಇರುವಾಗ ಓಡುತ್ತಾ, ಪೆಲಿಕನ್ ಹಕ್ಕಿಗಳು ನೀರಿಗಿಳಿಯೋದನ್ನು ನೋಡುವಾಗ ಆ ಹೊತ್ತು ನನ್ನದು. ಗೋವಾದಲ್ಲಿ 7 ಗಂಟೆ 52 ನಿಮಿಷಕ್ಕೆ ಗೆರೆ ದಾಟಿದೆ. ಮಗಳು ಬೇಲಿಯಾಚೆಯಿಂದ ಅಮ್ಮಾ ಅಂತ ಕೂಗಿದ್ದು ಕೇಳಿಸಿತು.

ನಿಮ್ಮ ಜೊತೆ ಬರಬಹುದಾ?

ಬನ್ನಿ. ಶನಿವಾರ ಬೆಳಗ್ಗೆ ಐದೂಕಾಲಿಗೆ ಲಲಿತ ಮಹಲ್ ಮುಂದೆ ನಾಲ್ಕೈದು ಜನ ಸೇರುತ್ತೇವೆ. ಹೆಲ್ಮೆಟ್ ಇಲ್ಲದಿದ್ದರೆ ಸೇರಿಸಿಕೊಳ್ಳಲ್ಲ. ಎರಡು ಟ್ಯೂಬ್, ಒಂದು ಪಂಪ್, ಎರಡು ಬಾಟಲ್ ನೀರು, ಹಿಂದಿನ ದೀಪಕ್ಕೆ ಚಾರ್ಜ್. ಎಲ್ಲರಿಗಿಂತ ನಿಧಾನ ಇರುವವರ ವೇಗದಲ್ಲೇ ಹೋಗುತ್ತೇವೆ. ಏಳೂವರೆಗೆ ಇಡ್ಲಿಗೆ ನಿಲ್ಲಿಸುತ್ತೇವೆ. ಬರೋಕೆ ಮುಂಚೆ ಮನೆಯಲ್ಲಿ ಅವತ್ತಿನ ತಿಂಡಿ ಯಾರು ಮಾಡ್ತಾರೆ ಅಂತ ಮಾತಾಡಿಕೊಂಡು ಬನ್ನಿ.